ಅಣಬೆ ಪಲ್ಯದ ವಿಡಿಯೋ

ನಾನು ಅಡುಗೆಯ ವಿಡಿಯೋ ಮಾಡಲು ಶುರುಮಾಡಿ ಆಗಿನ್ನೂ ಒಂದು ತಿಂಗಳಾಗಿತ್ತು. ಮಳೆಗಾಲವಾದ್ದರಿಂದ ನಮ್ಮೂರು ನಾವುಂದದಲ್ಲಿ ದೋಣಿಗಳು ಕಡಲಿಗೆ ಇಳಿಯುತ್ತಿರಲಿಲ್ಲ, ಮನೆಯಲ್ಲಿ ಮೀನಿರಲಿಲ್ಲ. ಅತ್ತೆ ಹಿತ್ತಿಲಿನಿಂದ ಅಣಬೆ ತಂದರು. ತಿನ್ನುವ ಅಣಬೆ ಯಾವುದು, ವಿಷದ್ದು ಯಾವುದು ಎಂದು ಅವರು ವಿವರವಾಗಿ ಹೇಳಿದ್ದನ್ನೂ ಮೊಬೈಲಿನಲ್ಲಿ ತೆಗೆದಿದ್ದೆ. ಆದರೆ ವಿಡಿಯೋ ಉದ್ದವಾಯಿತೆಂದು ಆ ಭಾಗವನ್ನೇ ಕತ್ತರಿಸಿ, ಪಲ್ಯ ಮಾಡುವುದನ್ನಷ್ಟೇ ಹಾಕಿದೆ.

ಮರುದಿನ ಬೆಳಿಗ್ಗೆ ಒಬ್ಬ ಹೆಂಗಸು ಅದರ ಕೆಳಗೆ ಬರೆದಿದ್ದರು: "ನಮ್ಮ ತೋಟದಲ್ಲೂ ಇಂಥದೇ ಬಿಳಿ ಅಣಬೆ ಎದ್ದಿದೆ. ಮಕ್ಕಳಿಗೆ ಇವತ್ತು ಇದೇ ಪಲ್ಯ."

ಓದಿದ ಕೂಡಲೇ "ದಯವಿಟ್ಟು ತಿನ್ನಬೇಡಿ, ಗುರುತಿದ್ದವರಿಗೆ ಮೊದಲು ತೋರಿಸಿ" ಎಂದು ಬರೆದೆ. ಉತ್ತರವಿಲ್ಲ. ಮತ್ತೆ ಬರೆದೆ. ಅವರು ಯಾವ ಊರಿನವರೆಂದೂ ನನಗೆ ತಿಳಿದಿರಲಿಲ್ಲ.

"ಎಂತ ಆಯ್ತೆ ನಿಂಗೆ? ಮುಖ ಎಂತಕೆ ಹಾಂಗಾಯ್ತ್?" ಎಂದು ಅತ್ತೆ ಕೇಳಿದರು. ನಡೆದದ್ದನ್ನು ಹೇಳಿದೆ.

"ನಾನ್ ಹೇಳದ್ದ್ ಹಾಕ್ಲಿಲ್ಯಾ?" ಎಂದವರು ಬಾಗಿಲ ಬಳಿಯೇ ಕುಳಿತುಬಿಟ್ಟರು.

ವಿಡಿಯೋ ಅಳಿಸಲು ಹೊರಟೆ. ಅಳಿಸಿದರೆ ನಾನು ಬರೆದದ್ದೂ ಆ ಹೆಂಗಸಿಗೆ ಕಾಣುವುದಿಲ್ಲವಲ್ಲ ಎಂದು ಹೆದರಿ ಬಿಟ್ಟೆ. ಮಧ್ಯಾಹ್ನ ನಮ್ಮಿಬ್ಬರಿಗೂ ಅನ್ನ ಸೇರಲಿಲ್ಲ. ಈಗ ಆ ಮಕ್ಕಳೂ ಊಟಕ್ಕೆ ಕುಳಿತಿರುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ನಾಲ್ಕು ಗಂಟೆಗೆ ಉತ್ತರ ಬಂತು: "ಈಗಷ್ಟೇ ನೋಡಿದೆ. ಬೇಯಿಸುವ ಮೊದಲೇ ಪಕ್ಕದ ಮನೆಯವರು ಇದು ವಿಷದ್ದು ಅಂದರು, ಎಲ್ಲ ಎಸೆದೆವು."

ಅತ್ತೆಗೆ ಓದಿ ಹೇಳಿದೆ. ಅವರು ಎದ್ದು ಹೋಗಿ ಮುಖ ತೊಳೆದರು. ಆಮೇಲೆ ವಿಡಿಯೋ ಅಳಿಸಿದೆ. ಆ ಮಳೆಗಾಲ ಮುಗಿಯುವವರೆಗೂ ನಾನು ಮೊಬೈಲನ್ನು ಅಡುಗೆಮನೆಗೆ ಒಯ್ಯಲಿಲ್ಲ.