ಗೇಣಗಲದ ಪಟ್ಟಿಗಳು

ಬೆಳಕು ಹರಿಯುವ ಹೊತ್ತಿಗೆ ಕಲಬುರಗಿಯ ಸರ್ಕಾರಿ ಆಸ್ಪತ್ರೆಯೊಂದರ ಬಟ್ಟೆಕೋಣೆಯಿಂದ ಚರ್ರೆಂಬ ಸದ್ದು ಕೇಳುತ್ತದೆ. ಆಯಾ ಇಕ್ಬಾಲ್ ಬೇಗಂ ಸವೆದ ಚಾದರ ಹರಿಯುತ್ತಿದ್ದಾರೆ. ಹಳೆಯ ಚಾದರ ಮತ್ತೆ ಮಂಚಕ್ಕೆ ಬರಬಾರದೆಂದು ಹರಿದೇ ಹೊರಹಾಕುವುದು ಇಲ್ಲಿಯ ರೂಢಿ. ಉಳಿದವರು ಕೈಗೆ ಬಂದಂತೆ ಹರಿದರೆ, ಈಕೆ ಗೇಣಗಲ ಅಳೆದು ನೇರವಾಗಿ ಹರಿಯುತ್ತಾರೆ.

"ಹರೀಬೇಕಂತ ಹುಕುಂ ಅದ ರೀ. ಎಷ್ಟು ಅಗಲ ಅಂತ ಯಾರೂ ಹೇಳಿಲ್ಲ."

ಶಹಾಬಜಾರದ ಈ ಹೆಂಗಸು ಗಂಡ ತೀರಿಕೊಂಡ ಮೇಲೆ, ಎಪ್ಪತ್ತೆಂಟನೇ ಇಸವಿಯಲ್ಲಿ ಕೆಲಸಕ್ಕೆ ಸೇರಿದವರು. ಎರಡು ವರ್ಷದ ಹಿಂದೆ ಕಮಲಾಪುರದ ಜಾನಕೀಬಾಯಿ ತಮ್ಮ ಹನ್ನೊಂದರ ಮಗಳು ಇಂದುವನ್ನು ಇಲ್ಲಿಗೆ ಕರೆತಂದರು. ಹುಟ್ಟಿನಿಂದ ಬೆನ್ನುಹುರಿಯ ದೋಷ; ಮೂತ್ರ ಬಂದದ್ದು ಹುಡುಗಿಗೆ ತಿಳಿಯುವುದಿಲ್ಲ. ಶಾಲೆಯಲ್ಲಿ ಬಾಗಿಲ ಬಳಿ ಒಬ್ಬಳೇ ಕೂರುತ್ತಿದ್ದವಳು, ಇನ್ನು ಹೋಗುವುದೇ ಇಲ್ಲವೆಂದು ಹಟ ಹಿಡಿದಿದ್ದಳು. ಆಸ್ಪತ್ರೆಯಲ್ಲಿ ಲಂಗೋಟಿ ಬಟ್ಟೆ ಸಿಗುವುದು ಹಸುಗೂಸುಗಳಿಗೆ ಮಾತ್ರ. "ಇಷ್ಟು ದೊಡ್ಡ ಕೂಸಿಗಿ ತೊಟ್ಟಿಲಾನೂ ಬೇಕೇನ್ರಿ?" ಎಂದು ಕಿಟಕಿಯೊಳಗಿನ ಗುಮಾಸ್ತ ನಕ್ಕಿದ್ದ. ಹುಡುಗಿ ತಲೆ ತಗ್ಗಿಸಿದ್ದನ್ನು ಇಕ್ಬಾಲ್ ಬೇಗಂ ನೋಡಿದರು.

ಮಕ್ಕಳ ವಿಭಾಗದ ಡಾಕ್ಟರಮ್ಮನ ಒಪ್ಪಿಗೆ ಪಡೆದು, ಪಟ್ಟಿಗಳನ್ನು ಕುದಿಸಿ, ಒಣಗಿಸಿ, ಪದರ ಮೇಲೆ ಪದರ ಹೊಲಿದು ಲಂಗೋಟಿ ಮಾಡಿ, ಗಂಟು ಕಟ್ಟಿ ಕೊಟ್ಟರು. ಮೊದಲ ಸಲ ಎಡವಟ್ಟಾಯಿತು. ಕಮಲಾಪುರದ ಅಂಗಳದ ತಂತಿಯ ಮೇಲೆ ಚಾದರದಲ್ಲಿದ್ದ ಆಸ್ಪತ್ರೆಯ ನೀಲಿ ಮುದ್ರೆಗಳು ಸಾಲಾಗಿ ಒಣಗಿ, ಓಣಿಗೆಲ್ಲ ಸುದ್ದಿ. ಹುಡುಗಿ ಗಂಟನ್ನೇ ತಿರುಗಿ ಕಳಿಸಿದಳು.

"ಬ್ಯಾನಿ ನೋಡಿದ್ದೆ ರೀ, ಹುಡುಗೀನ ನೋಡಿರಲಿಲ್ಲ," ಎನ್ನುತ್ತಾರೆ ಇಕ್ಬಾಲ್ ಬೇಗಂ.

ಈಗ ಮುದ್ರೆ ಒಳಪದರಕ್ಕೆ ಹೋಗುತ್ತದೆ. ಹೊರಗೆ, ಹೊದೆಯುವ ಕೌದಿಗೆಂದು ತಮ್ಮ ಮನೆಯಲ್ಲಿ ಕೂಡಿಟ್ಟಿದ್ದ ಹೂವಿನ ಬಟ್ಟೆ. ತಂತಿ ನೋಡಿದ ನೆರೆಮನೆಯಾಕೆ, "ಜಾನಕಕ್ಕಾ, ಯಾರ ಕೂಸಿಗಿ ಇಷ್ಟು ಕೌದಿ?" ಎಂದು ಕೇಳಿದರಂತೆ. "ನಮ್ಮ ಬೆಕ್ಕು ಮರಿ ಹಾಕ್ಯಾದ," ಎಂದರಂತೆ ಜಾನಕೀಬಾಯಿ.

ತಿಂಗಳಿಗೊಮ್ಮೆ ಜಾನಕೀಬಾಯಿ ಬಸ್ಸಿನಲ್ಲಿ ಬರುತ್ತಾರೆ, ಕಮಲಾಪುರದ ಕೆಂಪು ಬಾಳೆಹಣ್ಣು ಕೊಟ್ಟು ಗಂಟು ಒಯ್ಯುತ್ತಾರೆ. ಈಗ ಇನ್ನೂ ಮೂವರು ತಾಯಂದಿರು ಬರುತ್ತಾರೆ. ಚಾದರ ಸಾಲುವುದಿಲ್ಲ. ದೊಡ್ಡ ಮಕ್ಕಳಿಗೂ ಇಂಥ ಬಟ್ಟೆ ಕೊಡಬೇಕೆಂದು ಡಾಕ್ಟರಮ್ಮ ಮೇಲಕ್ಕೆ ಬರೆದಿದ್ದಾರೆ, ಉತ್ತರ ಬಂದಿಲ್ಲ.

"ಬರ್ತದ, ಬರಲಿ. ಅಲ್ಲೀತನ ಕೈ ಸುಮ್ಮ ಕೂಡಂಗಿಲ್ಲಲ್ರಿ."

ಹುಡುಗಿ ಈಗ ಶಾಲೆಗೆ ಹೋಗುತ್ತಿದ್ದಾಳೆಯೇ ಎಂದು ಕೇಳಿದರೆ ಇಕ್ಬಾಲ್ ಬೇಗಂ ದಾರ ಕಚ್ಚಿ ಹರಿಯುತ್ತಾರೆ, ಹೊಲಿಗೆ ಎಳೆದು ನೋಡುತ್ತಾರೆ, ಆಮೇಲೆ ಹೇಳುತ್ತಾರೆ:

"ಮುಂದಿನ ಸಾಲಿನ್ಯಾಗ ಕೂಡಾಕತ್ತಾಳಂತ್ರಿ. ನಟ್ಟನಡುವ. ಎರಡೂ ಬಾಜೂ ಗೆಳತೇರು."