ಮೊಣಕೈ ಮಡಚದ ಮೇಷ್ಟ್ರು

ಬಲಗೈ ಮುಂದೆ ಚಾಚಿ, ಮುಷ್ಟಿಯಲ್ಲಿ ಪೆನ್ಸಿಲ್ ನೆಟ್ಟಗೆ ಹಿಡಿದು, ಎಡಗಣ್ಣು ಮುಚ್ಚಿ, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಕೂತ ಹೆಬ್ಬೆರಳನ್ನು ಪೆನ್ಸಿಲ್ಲಿನುದ್ದಕ್ಕೂ ಸರಿಸುತ್ತ ನಿಂತರೆಂದರೆ ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಲೋಕದ ಪರಿವೆಯೇ ಇರುತ್ತಿರಲಿಲ್ಲ. ಹರಿಹರದಿಂದ ದಿನಾ ಬಸ್ಸಿನಲ್ಲಿ ದಾವಣಗೆರೆಯ ನಮ್ಮ ಹೈಸ್ಕೂಲಿಗೆ ಬರುತ್ತಿದ್ದರು. ಎದುರಿನ ವಸ್ತುವಿನ ಅಳತೆ ತೆಗೆಯುವ ಆ ಭಂಗಿಯನ್ನು ನಾವು ಬೆನ್ನ ಹಿಂದೆ ಅಣಕಿಸಿ ನಗುತ್ತಿದ್ದೆವು. "ಮೊಣಕೈ ಮಡಚಬ್ಯಾಡ್ರಿ, ಮಡಚಿದ್ರೆ ಅಳತೆ ಸುಳ್ಳಾಗ್ತೈತೆ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ನನಗೆ ಆ ಅಳತೆಯ ರಗಳೆಯೇ ಬೇಡವಾಗಿತ್ತು. ಕ್ಯಾಲೆಂಡರಿನ ಲಕ್ಷ್ಮಿಯನ್ನು ಇದ್ದ ಹಾಗೇ ಹಾಳೆಗೆ ಇಳಿಸುತ್ತಿದ್ದೆ. ಓಣಿಯವರೆಲ್ಲ ಹೊಗಳಿ ಅಟ್ಟಕ್ಕೇರಿಸಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ಚಿತ್ರಕಲೆಯನ್ನೇ ಕಲಿಯುತ್ತೇನೆಂದು ಹಟ ಹಿಡಿದಿದ್ದೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅವ್ವ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಗೊಂಬೆ ಬರದ್ರೆ ಹೊಟ್ಟೆ ತುಂಬ್ತೈತೇನೇ?"

ಒಮ್ಮೆ ಮೇಷ್ಟ್ರು, ಮನೆಯವರ ಕೈ ಬರೆದು ತನ್ನಿ ಎಂದರು. ಅವ್ವನ ಕೈಗೆ ನೀಳ ಬೆರಳು, ಮೊಣಕೈವರೆಗೆ ಬಳೆ ಬರೆದು ಬೀಗುತ್ತ ಒಯ್ದೆ.

"ಭಟ್ಟಿ ಮುಂದೆ ಇಷ್ಟು ಬಳೆ ಹಾಕ್ಕೊಂಡು ನಿಲ್ತಾರೇನವ್ವ ನಿಮ್ಮವ್ವ? ಇದು ಕ್ಯಾಲೆಂಡರ್ ಕೈ. ನೋಡಿ ಬರಿ, ಹೋಗು."

ಇಡೀ ಕ್ಲಾಸು ಕಿಸಕ್ಕೆಂದಿತು. ಸಿಟ್ಟು ನೆತ್ತಿಗೇರಿತು. ಆದರೂ ಭಾನುವಾರ ಭಟ್ಟಿಗೆ ಹೋಗಿ, ಕೈ ಚಾಚಿ ಅಳತೆ ಹಿಡಿದೆ. ಕಾದ ಮರಳು ಸಿಡಿದು ಅವ್ವನ ಮಣಿಕಟ್ಟಿನ ತುಂಬ ಸುಟ್ಟ ಗುರುತುಗಳು. ಅಷ್ಟು ವರ್ಷ ಆ ಕೈಯಿಂದಲೇ ಉಂಡವಳು ನಾನು, ಒಂದನ್ನೂ ಕಂಡಿರಲಿಲ್ಲ. ನಾಚಿಕೆಯಾಯಿತು.

ನಾನು ಬರೆದ ಹೊಸ ಚಿತ್ರ ಹಿಡಿದು ಮೇಷ್ಟ್ರೇ ಮನೆಗೆ ಬಂದರು. ಅವ್ವ ಬಹಳ ಹೊತ್ತು ನೋಡಿದಳು. "ನಂದೇ ಕೈ ಐತಲ್ರೀ ಸರ!" ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಕಲೀಲಿ ಬಿಡ್ರಿ" ಎಂದಳು.

ಈಗ ನಾನೂ ಡ್ರಾಯಿಂಗ್ ಟೀಚರ್. ಹೋದ ವರ್ಷ ಮೇಷ್ಟ್ರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಹರಿಹರಕ್ಕೆ ಓಡಿದೆ. "ಬಂದ್ಯಲ್ಲ, ನನ್ನ ಬರಿ" ಎಂದರು. ಬತ್ತಿದ ಕೆನ್ನೆ ಬರೆಯಲು ಮನಸ್ಸೊಪ್ಪಲಿಲ್ಲ. ತುಸು ತುಂಬಿಸಿಯೇ ಬರೆದೆ. ನೋಡಿ ಹುಬ್ಬೇರಿಸಿದರು.

"ಮತ್ತೆ ಕ್ಯಾಲೆಂಡರ್ ಬರದ್ಯಲ್ಲವ್ವ!"

ಇಬ್ಬರೂ ನಕ್ಕೆವು. ಅದೇ ಹಾಳೆಯನ್ನು ಮಗುಚಿ, ಕಣ್ಣೊರೆಸಿಕೊಂಡು, ಮೊಣಕೈ ಮಡಚದೆ ಅಳತೆ ಹಿಡಿದೆ. ಗುಳಿಬಿದ್ದ ಕೆನ್ನೆ, ಎದ್ದ ಮೂಳೆ ಇದ್ದಂತೆಯೇ ಬಂದವು. ಕಣ್ಣಿನ ತುಂಟತನವೂ ಬಂತು.

"ಹ್ಞಾಂ, ಈಗ ನಾನಿದೀನಿ" ಎಂದರು.

ತಿಂಗಳು ಕಳೆಯುವುದರೊಳಗೆ ಹೋಗಿಬಿಟ್ಟರು. ಆ ಹಾಳೆ ನನ್ನ ಕ್ಲಾಸಿನ ಗೋಡೆಯ ಮೇಲಿದೆ. ಯಾರೆಂದು ಕೇಳಿದ ಮಕ್ಕಳಿಗೆ ಅದನ್ನು ಇಳಿಸಿ, ಹಿಂಬದಿಯನ್ನೂ ತೋರಿಸುತ್ತೇನೆ.