ಕೌದಿಯ ನಾಲ್ಕನೇ ಮೂಲೆ

ಮೊನ್ನೆ ಮಗಳು ಹಿಕ್ಸ್‌ವಿಲ್‌ನ ನಮ್ಮ ದೇಶದವರ ಅಂಗಡಿಯಿಂದ ಬೆಲ್ಲ ತಂದಳು. ಕಬ್ಬಿನದಲ್ಲ, ಈಚಲು ಮರದ್ದು. ಪೊಟ್ಟಣ ಬಿಚ್ಚಿದ ಕೂಡಲೇ ಹೊಗೆ ಹಿಡಿದ ಹಾಲಿನಂಥ ವಾಸನೆ. ಅಂದಿನಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ. ನಾನು ಮೂರನೇ ಇಯತ್ತೆ ಕಲಿತವಳು, ಬರೆಯುವುದು ನನ್ನ ಕೆಲಸವಲ್ಲ. ಆದರೂ ಬರೆದು ಕೆಳಗಿಟ್ಟರೆ ಸುಮ್ಮನಾದೇನು.

ಎಪ್ಪತ್ತೊಂದರಲ್ಲಿ ನಾವು ಜರ್ಸಿ ಸಿಟಿಯಲ್ಲಿ ಮೂರನೇ ಮಹಡಿಯಲ್ಲಿದ್ದೆವು. ಎದುರು ಬಾಗಿಲಿನಲ್ಲಿ ಒಬ್ಬ ಬಂಗಾಲಿ ಹೆಂಗಸು, ಗಂಡನೊಂದಿಗೆ. ಅವಳ ಹಳ್ಳಿ ಪೂರ್ವ ಬಂಗಾಲದಲ್ಲಿತ್ತು. ಅಲ್ಲಿ ಯುದ್ಧ ಶುರುವಾಗಿ ತಾಯಿಯ ಸುದ್ದಿಯೇ ನಿಂತುಹೋಗಿತ್ತು. ದಿನಕ್ಕೆ ನಾಲ್ಕು ಸಲ ಮೆಟ್ಟಿಲಿಳಿದು ಮೇಲ್‌ಬಾಕ್ಸ್ ನೋಡುತ್ತಿದ್ದಳು. ಟಪಾಲು ಒಂದೇ ಸಲ ಬರುತ್ತದೆಂದು ಅವಳಿಗೂ ಗೊತ್ತಿತ್ತು... ಆ ಚಪ್ಪಲಿ ಸಪ್ಪಳ ಕೇಳಿ ಕೇಳಿ ನನಗೂ ಅದೇ ರೋಗ ಹತ್ತಿತು.

ಉಳಿದ ಹೊತ್ತೆಲ್ಲ ಹೊಲಿಗೆ. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಬಣ್ಣದ ಎಳೆ ಕಿತ್ತು, ಅದರಿಂದಲೇ ಚಿತ್ರ ಬಿಡಿಸುತ್ತಿದ್ದಳು. ನಮ್ಮ ಕೌದಿಯಂಥದ್ದೇ, ಅವಳು ಕಾಂಥಾ ಎನ್ನುತ್ತಿದ್ದಳು. ತನ್ನ ಊರನ್ನೇ ಹೊಲಿಯುತ್ತಿದ್ದಳು. ಒಂದು ಮೂಲೆಯಲ್ಲಿ ಕೆರೆ, ಇನ್ನೊಂದರಲ್ಲಿ ಗೋಡೆ ತುಂಬ ಸುಟ್ಟ ಮಣ್ಣಿನ ಬೊಂಬೆಗಳ ಗುಡಿ, ಮತ್ತೊಂದರಲ್ಲಿ ಮಡಕೆ ಕಟ್ಟಿದ ಈಚಲು ಮರಗಳು. ಆ ಮರದ ಬೆಲ್ಲದ ಒಂದು ಉಂಡೆ ಅವಳ ಡಬ್ಬಿಯಲ್ಲಿತ್ತು. ಮೂಸಲು ಕೊಡುತ್ತಿದ್ದಳು, ತಿನ್ನಲು ಕೊಡುತ್ತಿರಲಿಲ್ಲ.

ನಮ್ಮ ಮಾತು ಮುರುಕು ಹಿಂದಿಯಲ್ಲಿ. ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ.

"ಇದೇನ ಹಾಸಗಿನೋ, ಹೊಲ ಅಳಿಯೋ ತಲಾಠಿ ನಕಾಶೆನೋ?" ಎಂದೆ.

"ನಿಮ್ಮ ಕೌದಿ ನೋಡೀನಿ ದೀದಿ, ಭಿಕ್ಷುಕನ ಅಂಗಿ ಇದ್ಧಾಂಗ ಐತಿ," ಎಂದಳು. ಆ ವರ್ಷ ಅವಳು ನಕ್ಕಿದ್ದು ಅದೊಂದೇ ಸಲವಿರಬೇಕು.

ಒಂದು ದಿನ ಯಾರೋ ತನ್ನ ಊರಿನ ಕಡೆಯವರು ಬಂದಿದ್ದಾರೆಂದು ಕೇಳಿ ಮ್ಯಾನ್‌ಹಟನ್‌ಗೆ ಓಡಿದಳು. ಹೊಲಿಯುತ್ತಿದ್ದ ಹಾಸಿಗೆ ನನ್ನ ಬಳಿ ಬಿಟ್ಟಳು. ನೋಡಿದರೆ ನಾಲ್ಕನೇ ಮೂಲೆ ಖಾಲಿ, ಅಂಚೂ ಹೊಲಿದಿಲ್ಲ. ನಮ್ಮ ಮನೆಯಲ್ಲಿ ಕೌದಿ ಮುಗಿಸುವಾಗ ಕೊನೆಯ ಸಂದಿಯಲ್ಲಿ ರೊಟ್ಟಿಯ ಚೂರು ಇಟ್ಟು ಮುಚ್ಚುವುದು ಪದ್ಧತಿ. ಕೌದಿ ಹಸಿದಿರಬಾರದು. ಜೋಳದ ಹಿಟ್ಟು ಎಲ್ಲಿ ಸಿಗಬೇಕು? ಚಪಾತಿಯನ್ನೇ ಒಣಗಿಸಿ ಚೂರು ಇಟ್ಟೆ. ಮೇಲೆ ನನ್ನ ಇಳಕಲ್ ಸೀರೆಯ ಕೆಂಪು ತುಂಡು ಹಚ್ಚಿ ಗಟ್ಟಿಯಾಗಿ ಹೊಲಿದೆ. ಉಪಕಾರ ಮಾಡಿದೆನೆಂದುಕೊಂಡಿದ್ದೆ.

ಅವಳು ಸುದ್ದಿಯಿಲ್ಲದೆ ವಾಪಸು ಬಂದಳು. ಕೆಂಪು ತುಂಡು ಕಂಡು ನಿಂತೇಬಿಟ್ಟಳು.

"ಅದು ನಮ್ಮವ್ವನ ಮನಿ ಜಾಗಾ. ಕಾಗದ ಬಂದ ಮ್ಯಾಲೆ ಹೊಲಿಯೋದಿತ್ತು."

"ಖಾಲಿ ಬಿಡಬಾರದವ್ವಾ. ಅದಕ್ಕ ರೊಟ್ಟಿ ಇಟ್ಟೀನಿ."

"ಅದು ಖಾಲಿ ಇರಲಿಲ್ಲ!"

ಬ್ಲೇಡು ತಂದು ನನ್ನ ಮುಂದಿಟ್ಟಳು. "ನೀನ ಹೊಲದಿ, ನೀನ ಬಿಚ್ಚು."

ನಾಳೆ ಬಿಚ್ಚುತ್ತೇನೆ ಎಂದೆ. ನನಗೂ ಹಟ. ಅವಳು ಮಾತು ಬಿಟ್ಟಳು. ಹಾಸಿಗೆ ನಮ್ಮ ಕುರ್ಚಿಯ ಮೇಲೆ, ಬ್ಲೇಡು ಕಿಟಕಿಯಲ್ಲಿ. ಎದುರಿನ ಚಪ್ಪಲಿ ಮಾತ್ರ ಇಳಿಯುತ್ತಿತ್ತು, ಹತ್ತುತ್ತಿತ್ತು. ನಮ್ಮ ಯಜಮಾನರು ದಿನಾ ಕೇಳುತ್ತಿದ್ದರು, "ಬಿಚ್ಚಿ ಕೊಡಬಾರದೇನ? ನಿಂದೇನ ಗಂಟು ಹೋಗತೈತಿ?" ನಾನು ಬಿಚ್ಚಲಿಲ್ಲ.

ಯುದ್ಧ ಮುಗಿದು, ಹಿಮ ಬಿದ್ದ ಮೇಲೆ ಅವಳ ತಮ್ಮನ ಕಾಗದ ಬಂತು. ಅವಳು ನಮ್ಮ ಹೊಸ್ತಿಲಲ್ಲೇ ನಿಂತು ಹೇಳಿದಳು. ಗುಡಿ ಇದೆ. ಮರಗಳಿವೆ. ಮನೆ ಸುಟ್ಟಿದೆ. ತಾಯಿ ಗಡಿಯ ಕಡೆ ನಡೆಯುತ್ತಾ ಮೂರು ದಿನ ಏನೂ ತಿನ್ನದೆ ದಾರಿಯಲ್ಲೇ...

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಬ್ಲೇಡು ತೆಗೆದುಕೊಂಡು ಬಿಚ್ಚಲು ಕೂತೆ. ಎರಡು ಹೊಲಿಗೆ ಕಿತ್ತಿದ್ದೆ. ಅವಳು ನನ್ನ ಕೈ ಹಿಡಿದಳು.

"ಇರಲಿ ದೀದಿ. ಅದರಾಗ ರೊಟ್ಟಿ ಐತಿ ಅಂದಿದ್ದ್ಯಲ್ಲ?"

ಕಿತ್ತ ಎರಡು ಹೊಲಿಗೆಯನ್ನು ಅವಳೇ ಮತ್ತೆ ಹಾಕಿಕೊಂಡಳು.

ಮುಂದಿನ ಬೇಸಿಗೆಗೆ ಅವರು ಶಿಕಾಗೋ ಕಡೆ ಹೋದರು. ಹಾಸಿಗೆಯೂ ಹೋಯಿತು. ಈಗ ಅವಳು ಇದ್ದಾಳೋ ಇಲ್ಲವೋ ತಿಳಿಯದು. ಇದ್ದರೂ ನನ್ನ ಹಾಗೆ ಹಲ್ಲಿಲ್ಲದ ಮುದುಕಿ.

ಈ ಬೆಲ್ಲವನ್ನು ಮಗಳು ತಿನ್ನು ತಿನ್ನು ಎನ್ನುತ್ತಾಳೆ. ಮೂಸಿ ಮುಚ್ಚಿಡುತ್ತೇನೆ. ಆ ಮೂಲೆಯೊಳಗಿನ ರೊಟ್ಟಿಯ ಚೂರು ಎಷ್ಟು ದಿನ ಇದ್ದೀತು? ಒಂದು ಸಲ ಒಗೆದರೆ ಕರಗಿ ಹೋಗುತ್ತದೆ. ಅದನ್ನು ಅವಳಿಗೆ ನಾನು ಹೇಳಲಿಲ್ಲ.